ಸಿ ಪ್ರೋಗ್ರಾಂನಲ್ಲಿ ಡೈರೆಕ್ಟರಿ ಕೆಲಸ: ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕಾದರೆ ಯಾವ ದಾರಿ ಹಿಡಿಯಬೇಕು?

ಒಂದು ಫೋಲ್ಡರ್ (ಡೈರೆಕ್ಟರಿ) ತೆರೆದು ಒಳಗಿರುವ ಫೈಲ್‌ಗಳ ಹೆಸರು ಓದಬೇಕು. ಕೆಲಸ ಇಷ್ಟೇ. ಪೈಥಾನ್‌ನಲ್ಲಾದರೆ ಒಂದು ಸಾಲು. ಸಿ ಭಾಷೆಯಲ್ಲಿ ಇದಕ್ಕೆ ಸ್ಟ್ಯಾಂಡರ್ಡ್ ಫಂಕ್ಷನ್ ಇಲ್ಲವೇ ಇಲ್ಲ. 1989ರ ಆನ್ಸಿ ಸಿ ಇಂದ ಹಿಡಿದು ಸಿ23 ತನಕ ಯಾವ ಆವೃತ್ತಿಯಲ್ಲೂ ಡೈರೆಕ್ಟರಿ ಅನ್ನುವ ಕಲ್ಪನೆಯೇ ಬಂದಿಲ್ಲ. ಎಫ್‌ಓಪನ್ ಇದೆ, ರಿಮೂವ್ ಇದೆ, ರಿನೇಮ್ ಇದೆ. ಫೋಲ್ಡರ್ ಮಾಡುವುದು, ಓದುವುದು, ಅಳಿಸುವುದು ಮಾತ್ರ ಆಪರೇಟಿಂಗ್ ಸಿಸ್ಟಂಗೆ ಬಿಟ್ಟ ಕೆಲಸ.

ಹಾಗಾಗಿ ಸಿ ಬರೆಯುವವರು ತಾವೇ ಒಂದು ದಾರಿ ಆರಿಸಿಕೊಳ್ಳಬೇಕು. ದಾರಿಗಳು ಸುಮಾರಿವೆ: ಪೋಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಂಗಳ ಸಾಮಾನ್ಯ ಮಾನದಂಡ) ಫಂಕ್ಷನ್‌ಗಳನ್ನೇ ನಂಬುವುದು, ವಿಂಡೋಸ್ ಎಪಿಐ (ವಿಂಡೋಸ್‌ನದೇ ಫಂಕ್ಷನ್‌ಗಳು) ಜೊತೆಗಿಟ್ಟುಕೊಳ್ಳುವುದು, ನಡುವೆ ಒಂದು ತೇಪೆ ಹೆಡರ್ ಹಾಕುವುದು, ತಾವೇ ತೆಳುವಾದ ಒಂದು ಪದರ ಬರೆಯುವುದು, ಅಥವಾ ಗ್ಲಿಬ್, ಲಿಬ್‌ಯುವಿಯಂತಹ ದೊಡ್ಡ ಲೈಬ್ರರಿ ತರುವುದು. ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಪ್ರೋಗ್ರಾಂ ಡೈರೆಕ್ಟರಿಯನ್ನು ಓದುತ್ತದಷ್ಟೇನಾ, ಹೊಸದು ಮಾಡುತ್ತದಾ, ಅಥವಾ ಒಳಗಿರುವುದನ್ನೆಲ್ಲ ಅಳಿಸುತ್ತದಾ? ಓದುವುದು ತಪ್ಪಾದರೆ ಒಂದು ಫೈಲ್ ಕಾಣಿಸುವುದಿಲ್ಲ, ಅಷ್ಟೇ. ಅಳಿಸುವುದು ತಪ್ಪಾದರೆ ಬಳಕೆದಾರರ ಫೋಟೋಗಳೇ ಹೋಗುತ್ತವೆ. ಈ ಎರಡಕ್ಕೂ ಒಂದೇ ಅಳತೆಯ ಎಚ್ಚರ ಸಾಲದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ, ಮಧ್ಯಮ ಗಾತ್ರದ ಸಿ ಪ್ರಾಜೆಕ್ಟ್ ಆದರೆ ಸ್ವಂತ ತೆಳು ಪದರವೇ ಸರಿ. ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಗ್ಲಿಬ್, ಲಿಬ್‌ಯುವಿ ಅಥವಾ ಎಸ್‌ಡಿಎಲ್ (ಆಟಗಳಿಗೆ ಬಳಸುವ ಲೈಬ್ರರಿ) ಇದ್ದರೆ ಅದನ್ನೇ ಬಳಸಿ, ಇನ್ನೊಂದು ತರಬೇಡಿ. ಮರದಂತೆ ಕವಲೊಡೆದ ಡೈರೆಕ್ಟರಿಯನ್ನು ಪೂರ್ತಿ ಅಳಿಸುವ ಕೋಡ್ ಮಾತ್ರ ಪ್ರತಿ ಸಿಸ್ಟಂಗೂ ಬೇರೆಬೇರೆಯಾಗಿ ಬರೆಯಿರಿ. ಕಾರಣಗಳು ಮುಂದೆ ಇವೆ.

ಪೋಸಿಕ್ಸ್ ದಾರಿ: ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್

ಹಳೆಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯನ್ನು ಮಾಮೂಲಿ ಫೈಲ್ ತರಹವೇ ಓದುತ್ತಿದ್ದರು. ಒಂದು ನಮೂದಿಗೆ 16 ಬೈಟ್: 2 ಬೈಟ್ ಐನೋಡ್ ಸಂಖ್ಯೆ (ಫೈಲ್‌ನ ಒಳ ಗುರುತಿನ ಸಂಖ್ಯೆ), 14 ಬೈಟ್ ಹೆಸರು. 1983ರ 4.2ಬಿಎಸ್‌ಡಿ ಉದ್ದ ಹೆಸರುಗಳನ್ನು ತಂದಿತು. ಆಗ ಆ ಲೆಕ್ಕ ಮುರಿದುಬಿತ್ತು. ಒಳಗಿನ ರಚನೆ ಹೇಗಿದ್ದರೂ ಪ್ರೋಗ್ರಾಂಗೆ ಗೊತ್ತಾಗಬಾರದು ಎಂದು ಓಪನ್‌ಡಿರ್, ರೀಡ್‌ಡಿರ್ ಬಂದವು. 1988ರ ಪೋಸಿಕ್ಸ್ ಅದನ್ನೇ ತೆಗೆದುಕೊಂಡಿತು. ಲಿನಕ್ಸ್, ಮ್ಯಾಕ್‌ಒಎಸ್, ಬಿಎಸ್‌ಡಿಗಳಲ್ಲಿ ಇಂದಿಗೂ ಇದೇ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ.

ಆದರೆ ಪೋಸಿಕ್ಸ್ ಅಂದ ಮಾತ್ರಕ್ಕೆ ಎಲ್ಲ ಯುನಿಕ್ಸ್‌ಗಳೂ ಒಂದೇ ಅಲ್ಲ, ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ರೀಡ್‌ಡಿರ್ ಪ್ರತಿ ನಮೂದಿಗೆ ಕೊಡುವ ಡಿರೆಂಟ್ ರಚನೆಯಲ್ಲಿ ಎಲ್ಲ ಕಡೆಯೂ ಸಿಗುತ್ತದೆ ಎಂದು ನೆಚ್ಚಿಕೊಳ್ಳಬಹುದಾದದ್ದು ಹೆಸರು ಮತ್ತು ಐನೋಡ್ ಸಂಖ್ಯೆ ಮಾತ್ರ. ಇದು ಫೈಲೋ ಫೋಲ್ಡರೋ ಎಂದು ಹೇಳುವ ಡಿ_ಟೈಪ್ ಲಿನಕ್ಸ್‌ನಲ್ಲಿ, ಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಇದೆ, ಸೋಲಾರಿಸ್‌ನಲ್ಲಿ ಇಲ್ಲ. ಇರುವ ಕಡೆಯೂ ಕೆಲವು ಫೈಲ್ ಸಿಸ್ಟಂಗಳು ಡಿಟಿ_ಅನ್‌ನೋನ್ ಅಂತ ಕೊಟ್ಟು ಕೈತೊಳೆದುಕೊಳ್ಳುತ್ತವೆ, ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಎಕ್ಸ್‌ಎಫ್‌ಎಸ್ ಇದಕ್ಕೆ ಒಂದು ಉದಾಹರಣೆ. ಆದ್ದರಿಂದ ಡಿ_ಟೈಪ್ ಇದ್ದರೆ ಬಳಸಿ, ಗೊತ್ತಿಲ್ಲ ಅಂದರೆ ಫೈಲ್‌ನ ವಿವರ ಕೊಡುವ ಎಲ್‌ಸ್ಟ್ಯಾಟ್ ಕರೆಯಿರಿ. ಎರಡೂ ಇರಬೇಕು. ಡಿ_ಟೈಪ್ ಬೇಡವೇ ಬೇಡ, ಎಲ್ಲದಕ್ಕೂ ಎಲ್‌ಸ್ಟ್ಯಾಟ್ ಮಾಡೋಣ ಅಂದರೂ ಸರಿಯೇ, ಆದರೆ ಲಕ್ಷ ಫೈಲ್ ಇರುವ ಫೋಲ್ಡರ್ ಆದರೆ ಲಕ್ಷ ಸಿಸ್ಟಂ ಕಾಲ್ ಜಾಸ್ತಿ ಆಗುತ್ತದೆ, ಅದೂ ನೆಟ್‌ವರ್ಕ್ ಡ್ರೈವ್ ಆದರೆ ಕಾಯುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು: ರೀಡ್‌ಡಿರ್ ಕೊನೆ ಮುಟ್ಟಿದಾಗಲೂ ನಲ್ ಕೊಡುತ್ತದೆ, ದೋಷ ಬಂದಾಗಲೂ ನಲ್ ಕೊಡುತ್ತದೆ. ಯಾವುದು ಅಂತ ತಿಳಿಯಬೇಕಾದರೆ ಪ್ರತಿ ಸಲ ಕರೆಯುವ ಮೊದಲು ಎರ್‌ನೋವನ್ನು (ದೋಷದ ಸಂಖ್ಯೆ ಇಡುವ ವೇರಿಯಬಲ್) ಸೊನ್ನೆ ಮಾಡಿ, ಆಮೇಲೆ ನೋಡಬೇಕು. ಇದನ್ನು ಬಿಟ್ಟ ಕೋಡ್ ಬೇಕಾದಷ್ಟಿದೆ. ಅಂತಹ ಬ್ಯಾಕಪ್ ಪ್ರೋಗ್ರಾಂ ಡಿಸ್ಕ್ ಕೆಟ್ಟಾಗ ಅರ್ಧ ಪಟ್ಟಿ ಓದಿ ಎಲ್ಲ ಮುಗಿಯಿತು ಅಂತ ಹೇಳಿಬಿಡುತ್ತದೆ.

ಥ್ರೆಡ್ ಬಳಸುತ್ತೇವೆ, ಹಾಗಾಗಿ ರೀಡ್‌ಡಿರ್_ಆರ್ ಬೇಕು ಅನ್ನುವ ಸಲಹೆ ಹಳೆಯ ಪುಸ್ತಕಗಳಲ್ಲಿದೆ. ಅದನ್ನು ಮರೆತುಬಿಡಿ. ಹೆಸರಿಗೆ ಎಷ್ಟು ಜಾಗ ಬೇಕು ಎಂದು ಸರಿಯಾಗಿ ತಿಳಿಯುವ ದಾರಿಯೇ ಅದರಲ್ಲಿ ಇರಲಿಲ್ಲ. 2016ರ ಗ್ಲಿಬ್‌ಸಿ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ, ಗ್ಲಿಬ್ ಬೇರೆ) 2.24ರಲ್ಲಿ ಅದನ್ನು ಬಳಸಬೇಡಿ ಎಂದು ಗುರುತು ಹಾಕಿದರು. ಬೇರೆಬೇರೆ ಥ್ರೆಡ್‌ಗಳು ಬೇರೆಬೇರೆ ಡಿರ್ ಹ್ಯಾಂಡಲ್ ತೆರೆದುಕೊಂಡರೆ ಈಗಿನ ಲೈಬ್ರರಿಗಳಲ್ಲಿ ಸಾದಾ ರೀಡ್‌ಡಿರ್ ಸಾಕು.

ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅಕಾರಾದಿಯಾಗಿ ಬಂದರೆ ಅದು ಆ ಫೈಲ್ ಸಿಸ್ಟಂನ ಗುಣ. ಬೇಕಾದರೆ ನೀವೇ ಸಾರ್ಟ್ ಮಾಡಿ. ಇನ್ನು ಫೈಲ್‌ನ ದಾರಿ (ಪಾತ್) ಎಷ್ಟು ಉದ್ದ ಇರಬಹುದು ಎಂದು ಹೇಳುವ ಪಾತ್_ಮ್ಯಾಕ್ಸ್: ಲಿನಕ್ಸ್‌ನಲ್ಲಿ 4096, ಮ್ಯಾಕ್‌ನಲ್ಲಿ 1024, ಗ್ನು ಹರ್ಡ್‌ನಲ್ಲಿ ಅದು ಡಿಫೈನ್ ಆಗಿಯೇ ಇಲ್ಲ. ಆ ಸಂಖ್ಯೆ ನಂಬಿ ಅರೇ ಮಾಡುವ ಬದಲು ಬೇಕಾದಷ್ಟು ಮೆಮೊರಿ ಮ್ಯಾಲಕ್ ಮಾಡುವುದೇ ನೆಮ್ಮದಿ.

ಮರವನ್ನು ಪೂರ್ತಿ ಸುತ್ತಲು ಎನ್‌ಎಫ್‌ಟಿಡಬ್ಲ್ಯೂ ಮತ್ತು ಎಫ್‌ಟಿಎಸ್ ಎಂಬ ಎರಡು ಸಿದ್ಧ ಸಾಧನಗಳಿವೆ. ಎಫ್‌ಟಿಎಸ್ ಬಳಸಲು ಹಿತ, ಆದರೆ ಅದು ಪೋಸಿಕ್ಸ್‌ನಲ್ಲಿಲ್ಲ. ಮಸ್ಲ್ ಎಂಬ ಸಿ ಲೈಬ್ರರಿಯಲ್ಲೂ ಇಲ್ಲ, ಹಾಗಾಗಿ ಅದನ್ನು ಬಳಸುವ ಆಲ್ಪೈನ್ ಲಿನಕ್ಸ್‌ನ ಡಾಕರ್ ಇಮೇಜ್‌ನಲ್ಲಿ ಬಿಲ್ಡ್ ಮಾಡಿದ ದಿನ ಸಿಕ್ಕಿಬೀಳುತ್ತೀರಿ. ಎನ್‌ಎಫ್‌ಟಿಡಬ್ಲ್ಯೂ ಪೋಸಿಕ್ಸ್‌ನಲ್ಲಿದೆ, ಆದರೆ ಕಾಲ್‌ಬ್ಯಾಕ್‌ಗೆ ನಿಮ್ಮ ಡೇಟಾ ಕಳಿಸಲು ಜಾಗವೇ ಕೊಟ್ಟಿಲ್ಲ, ಗ್ಲೋಬಲ್ ವೇರಿಯಬಲ್ ಇಟ್ಟುಕೊಳ್ಳಬೇಕು. ಸಣ್ಣ ಕಮಾಂಡ್‌ಲೈನ್ ಟೂಲ್‌ಗೆ ಸರಿ. ಲೈಬ್ರರಿ ಬರೆಯುತ್ತಿದ್ದರೆ ಬೇಡ.

ವಿಂಡೋಸ್ ದಾರಿ, ಮತ್ತು ಕನ್ನಡದ ಹೆಸರುಗಳು

ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಫೈಂಡ್‌ಫಸ್ಟ್‌ಫೈಲ್, ಫೈಂಡ್‌ನೆಕ್ಸ್ಟ್‌ಫೈಲ್, ಫೈಂಡ್‌ಕ್ಲೋಸ್ ಇವೆ. ನಡೆಯುವ ರೀತಿ ಸ್ವಲ್ಪ ಬೇರೆ. ಫೋಲ್ಡರ್ ಹೆಸರು ಕೊಟ್ಟರೆ ಸಾಲದು, ಕೊನೆಗೆ \* ಸೇರಿಸಬೇಕು. ತೆರೆಯುವ ಕರೆಯೇ ಮೊದಲ ನಮೂದನ್ನೂ ಕೈಗೆ ಕೊಟ್ಟುಬಿಡುತ್ತದೆ, ಹಾಗಾಗಿ ಲೂಪ್‌ನ ಆಕಾರ ಪೋಸಿಕ್ಸ್‌ಗಿಂತ ಬೇರೆಯಾಗುತ್ತದೆ. ತೆರೆಯಲಾಗದಿದ್ದರೆ ಬರುವುದು ನಲ್ ಅಲ್ಲ, ಇನ್‌ವ್ಯಾಲಿಡ್_ಹ್ಯಾಂಡಲ್_ವ್ಯಾಲ್ಯೂ. ಖಾಲಿ ಪೆನ್‌ಡ್ರೈವ್‌ನ ಬೇರಿನಲ್ಲಿ ಒಂದು ಚುಕ್ಕೆ, ಎರಡು ಚುಕ್ಕೆಯ ನಮೂದುಗಳೂ ಇರುವುದಿಲ್ಲ. ಅಲ್ಲಿ ತೆರೆಯುವಾಗಲೇ ಫೈಲ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಅದನ್ನು ಖಾಲಿ ಪಟ್ಟಿ ಅಂತಲೇ ತಿಳಿಯಬೇಕು.

ಲಾಭವೂ ಇದೆ. ಗಾತ್ರ, ಸಮಯ, ಗುಣಗಳೆಲ್ಲ ಪಟ್ಟಿಯ ಜೊತೆಗೇ ಬರುತ್ತವೆ, ಬೇರೆ ಸ್ಟ್ಯಾಟ್ ಬೇಕಿಲ್ಲ. ವಿಂಡೋಸ್‌ನಲ್ಲಿ ಒಂದೊಂದೇ ಫೈಲ್ ತೆರೆದು ನೋಡುವುದು ದುಬಾರಿ. ಪೋಸಿಕ್ಸ್ ಶೈಲಿಯನ್ನು ಹಾಗೇ ಹೊತ್ತು ತಂದು ಪ್ರತಿ ಹೆಸರಿಗೂ ಸ್ಟ್ಯಾಟ್ ಮಾಡಿದರೆ ಕೈಯಲ್ಲಿದ್ದ ಮಾಹಿತಿಯನ್ನು ಬಿಸಾಕಿ ಮತ್ತೆ ದುಡ್ಡು ಕೊಟ್ಟು ತಂದ ಹಾಗೆ.

ಈಗ ಅಕ್ಷರಗಳ ವಿಷಯ. ಕನ್ನಡ ಓದುವವರಿಗೆ ಇದು ನೇರವಾಗಿ ತಾಗುವ ಸಂಗತಿ. ವಿಂಡೋಸ್‌ನ ಈ ಫಂಕ್ಷನ್‌ಗಳಿಗೆಲ್ಲ ಎರಡು ರೂಪ: ಕೊನೆಯಲ್ಲಿ ಎ ಇರುವುದು, ಡಬ್ಲ್ಯೂ ಇರುವುದು. ಎ ರೂಪ ಹಳೆಯ ಕೋಡ್‌ಪೇಜ್‌ಗಳ (ಒಂದೊಂದು ಭಾಷಾ ಗುಂಪಿಗೂ ಒಂದು ಅಕ್ಷರ ಪಟ್ಟಿ) ಮೇಲೆ ನಿಂತಿದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂತಹ ಕೋಡ್‌ಪೇಜ್ ಎಂದೂ ಇರಲಿಲ್ಲ, ಕನ್ನಡ ಬಂದದ್ದೇ ಯೂನಿಕೋಡ್ ಮೂಲಕ. ಇಂಗ್ಲಿಷ್ ಸೆಟ್ಟಿಂಗ್ ಇರುವ ಮಾಮೂಲಿ ಕಂಪ್ಯೂಟರ್‌ನಲ್ಲಿ "ಮದುವೆ ಫೋಟೋ" ಎಂಬ ಫೋಲ್ಡರನ್ನು ಎ ರೂಪದಲ್ಲಿ ಓದಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಆ ಹೆಸರಿನಿಂದ ಮತ್ತೆ ಫೋಲ್ಡರ್ ತೆರೆಯಲು ಆಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಹುಡುಕುವ ಫಂಕ್ಷನ್‌ಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಂದರೆ "ಯಾವ ಅಕ್ಷರವಾದರೂ ಸರಿ" ಎಂಬ ಅರ್ಥ. ಬೇರೆ ಯಾವುದೋ ಹೆಸರು ಹೊಂದಿಕೆಯಾಗಿಬಿಡಬಹುದು.

ಹಾಗಾಗಿ ವಿಂಡೋಸ್ ಕಡೆಗೆ ಡಬ್ಲ್ಯೂ ರೂಪವನ್ನೇ ಬಳಸಿ. ಪ್ರೋಗ್ರಾಂನ ಒಳಗೆಲ್ಲ ಹೆಸರುಗಳನ್ನು ಯುಟಿಎಫ್-8ನಲ್ಲಿ ಇಟ್ಟುಕೊಂಡು, ಎಪಿಐ ಮುಟ್ಟುವ ಅಂಚಿನಲ್ಲಿ ಮಾತ್ರ ಯುಟಿಎಫ್-16ಕ್ಕೆ ಬದಲಿಸಿ. ಮಲ್ಟಿಬೈಟ್‌ಟುವೈಡ್‌ಕ್ಯಾರ್ ಮತ್ತು ಅದರ ಉಲ್ಟಾ ಫಂಕ್ಷನ್ ಇದಕ್ಕೇ ಇರುವುದು. ಮೇನ್‌ಗೆ ಬರುವ ಆರ್ಗ್ಯುಮೆಂಟ್‌ಗಳೂ ಕೋಡ್‌ಪೇಜ್‌ನಲ್ಲಿ ಕೆಟ್ಟು ಬಂದಿರುತ್ತವೆ, ಅವನ್ನು ಡಬ್ಲ್ಯೂಮೇನ್ ಮೂಲಕ ತೆಗೆದುಕೊಳ್ಳಿ. ಒಳಗೆಲ್ಲ ಸರಿ ಮಾಡಿ ಈ ಬಾಗಿಲನ್ನು ಮರೆತರೆ ಪ್ರಯೋಜನ ಇಲ್ಲ.

ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಂ ಜೊತೆ ಇರುವ ಮ್ಯಾನಿಫೆಸ್ಟ್ ಎಂಬ ವಿವರ ಫೈಲ್‌ನಲ್ಲಿ ಒಂದು ಸಾಲು ಹಾಕಿ ಎ ರೂಪವನ್ನೇ ಯುಟಿಎಫ್-8 ಮಾಡಿಕೊಳ್ಳಬಹುದು. ಹಳೆಯ ಕೋಡ್ ಜಾಸ್ತಿ ಇದ್ದರೆ ಇದು ಒಳ್ಳೆಯ ಶಾರ್ಟ್‌ಕಟ್. ಆದರೆ ಎ ರೂಪದ ರಚನೆಯಲ್ಲಿ ಹೆಸರಿಗೆ 260 ಬೈಟ್ ಜಾಗ ಮಾತ್ರ ಇದೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಯೂನಿಕೋಡ್ ಕೋಡ್ ಪಾಯಿಂಟ್) 3 ಬೈಟ್ ಬೇಕು. ವಿಂಡೋಸ್‌ನ ಫೈಲ್ ಸಿಸ್ಟಂ ಎನ್‌ಟಿಎಫ್‌ಎಸ್ 255 ಸಂಕೇತಗಳ ಹೆಸರನ್ನು ಒಪ್ಪುತ್ತದೆ, ಅಷ್ಟು ಉದ್ದದ ಕನ್ನಡ ಹೆಸರಿಗೆ 765 ಬೈಟ್ ಬೇಕು. ಆ ಡಬ್ಬದಲ್ಲಿ ಅದು ಹಿಡಿಸುವುದಿಲ್ಲ.

ಇದೇ ಲೆಕ್ಕ ಲಿನಕ್ಸ್‌ನಲ್ಲೂ ಕಾಡುತ್ತದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದಲ್ಲಿ 85 ಸಂಕೇತ. "ಸ್ತ್ರೀ" ಎಂಬ ಒಂದೇ ಅಕ್ಷರ 6 ಸಂಕೇತ, 18 ಬೈಟ್. ವಿಂಡೋಸ್‌ನಲ್ಲಿ ಸುಖವಾಗಿದ್ದ ಉದ್ದನೆಯ ಕನ್ನಡ ಹೆಸರಿನ ಫೈಲ್ ಲಿನಕ್ಸ್‌ಗೆ ಕಾಪಿ ಆಗದೇ ಇರುವುದು ಇದರಿಂದಲೇ. ನಿಮ್ಮ ಪ್ರೋಗ್ರಾಂ ಆಗ ಹೆಸರನ್ನು ತಾನೇ ಕತ್ತರಿಸಬಾರದು, ಬಳಕೆದಾರರಿಗೆ ಹೇಳಬೇಕು.

ವಿಂಡೋಸ್‌ನಲ್ಲಿ ಫೈಲ್ ದಾರಿಯ ಉದ್ದದ ಕಥೆಯೂ ಇದೆ. ಮ್ಯಾಕ್ಸ್_ಪಾತ್ 260. ಫೋಲ್ಡರ್ ಮಾಡುವಾಗ ಮಿತಿ ಇನ್ನೂ ಕಡಿಮೆ, 248, ಯಾಕೆಂದರೆ ಒಳಗೆ ಹಳೆಯ 8.3 ಶೈಲಿಯ ಫೈಲ್ ಹೆಸರಿಗೆ ಜಾಗ ಉಳಿಸುತ್ತಾರೆ. \\?\ ಮುಂದೆ ಸೇರಿಸಿದರೆ ಸುಮಾರು 32,767 ಅಕ್ಷರದ ತನಕ ಹೋಗಬಹುದು, ಆದರೆ ಆಗ ಪೂರ್ಣ ದಾರಿಯನ್ನೇ ಕೊಡಬೇಕು, ಮುಂದೋರೆ ಗೆರೆ ನಡೆಯುವುದಿಲ್ಲ, ಹಿಂದೋರೆ ಗೆರೆಯೇ ಬೇಕು. ವಿಂಡೋಸ್ 10ರ 1607 ಆವೃತ್ತಿಯಿಂದ ಮ್ಯಾನಿಫೆಸ್ಟ್ ಮತ್ತು ರಿಜಿಸ್ಟ್ರಿ ಎರಡರಲ್ಲೂ ಒಪ್ಪಿಗೆ ಇದ್ದರೆ ಮಿತಿ ಸಡಿಲವಾಗುತ್ತದೆ. ರಿಜಿಸ್ಟ್ರಿ ಬಳಕೆದಾರರ ಕೈಲಿರುವುದರಿಂದ ಅದನ್ನೇ ನಂಬಿ ಕೂರಬೇಡಿ. ಈ \\?\ ಕೆಲಸ ಒಂದೇ ಫಂಕ್ಷನ್ ಒಳಗೆ ಇರಲಿ.

ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯಲ್ಲೇ _ಫೈಂಡ್‌ಫಸ್ಟ್ ಎಂಬ ಇನ್ನೊಂದು ಗುಂಪೂ ಇದೆ. ಅದರಿಂದ ಹೆಚ್ಚಿನ ಲಾಭವೇನೂ ಇಲ್ಲ. ಅದು ಕೊಡುವ ಹ್ಯಾಂಡಲನ್ನು ಲಾಂಗ್‌ನಲ್ಲಿ ಇಟ್ಟುಕೊಂಡ ಹಳೆಯ ಕೋಡ್ 64 ಬಿಟ್‌ನಲ್ಲಿ ಕುಸಿಯುತ್ತದೆ, ಅಲ್ಲಿ ಲಾಂಗ್ ಇನ್ನೂ 32 ಬಿಟ್‌ನದು. ಅಂತಹ ಕೋಡ್ ಕಂಡರೆ ಇಂಟ್‌ಪಿಟಿಆರ್_ಟಿ ಮಾಡಿ.

ತೇಪೆ ಹೆಡರ್, ಮಿಂಗ್‌ಡಬ್ಲ್ಯೂ, ಸಿಗ್‌ವಿನ್

ಲಿನಕ್ಸ್‌ಗೆ ಬರೆದ ಕೋಡ್ ಇದೆ, ವಿಂಡೋಸ್‌ನಲ್ಲಿ ಹೇಗಾದರೂ ಓಡಿದರೆ ಸಾಕು ಅನ್ನುವವರಿಗೆ ಈ ದಾರಿ. ವಿಷುವಲ್ ಸ್ಟುಡಿಯೋದಲ್ಲಿ ಡಿರೆಂಟ್ ಹೆಡರ್ ಇಲ್ಲ. ಆ ಹೆಸರಿನ ಒಂದೇ ಫೈಲ್‌ನ ತೇಪೆ ಉಚಿತವಾಗಿ ಸಿಗುತ್ತದೆ, ಒಳಗೆ ಫೈಂಡ್‌ಫಸ್ಟ್‌ಫೈಲನ್ನೇ ಕರೆಯುತ್ತದೆ, ಹೊರಗೆ ಓಪನ್‌ಡಿರ್ ತರಹ ಕಾಣುತ್ತದೆ. ಅರ್ಧ ಗಂಟೆಯ ಕೆಲಸ. ಓದುವುದಕ್ಕಷ್ಟೇ ಆದರೆ ಸಾಕು. ಆದರೆ ಚಾರ್ ರೂಪದ ಓಪನ್‌ಡಿರ್ ಹೆಸರುಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಕೊಡುತ್ತದೆ ಎಂದು ನೋಡಿಕೊಳ್ಳಿ, ಮೇಲೆ ಹೇಳಿದ ಕನ್ನಡದ ತೊಂದರೆ ಹಿಂಬಾಗಿಲಿನಿಂದ ಬರುವುದು ಇಲ್ಲೇ.

ವಿಂಡೋಸ್‌ಗೆ ಜಿಸಿಸಿ ಕಂಪೈಲರ್ ಕೊಡುವ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64ನಲ್ಲಿ ಡಿರೆಂಟ್ ಹೆಡರ್ ಜೊತೆಗೇ ಬರುತ್ತದೆ. ಅದರಲ್ಲಿ ಡಿ_ಟೈಪ್ ಇಲ್ಲ. ಎಮ್‌ಕೆಡಿರ್‌ಗೆ ಒಂದೇ ಆರ್ಗ್ಯುಮೆಂಟ್, ಪೋಸಿಕ್ಸ್‌ನಲ್ಲಿ ಎರಡು, ಹಾಗಾಗಿ ಮೊದಲ ಬಿಲ್ಡ್‌ನಲ್ಲೇ ಕಂಪೈಲರ್ ದೂರು ಹೇಳುತ್ತದೆ.

ಸಿಗ್‌ವಿನ್ ಪೂರ್ತಿ ಪೋಸಿಕ್ಸ್ ಕೊಡುತ್ತದೆ, ಯುಟಿಎಫ್-8 ಸಮೇತ. ಆದರೆ ನಿಮ್ಮ ಪ್ರೋಗ್ರಾಂ ಜೊತೆ ಅದರ ಡಿಎಲ್‌ಎಲ್ ಕೂಡ ಕಳಿಸಬೇಕು, ಫೈಲ್ ದಾರಿಗಳು ವಿಂಡೋಸ್ ಬಳಕೆದಾರರಿಗೆ ಹೊಸದಾಗಿ ಕಾಣುತ್ತವೆ. ನಿಮ್ಮದೇ ತಂಡದ ಒಳಗಿನ ಟೂಲ್ ಆದರೆ ಸೈ. ಹೊರಗೆ ಹಂಚುವುದಕ್ಕೆ ನಾನು ಆರಿಸುವುದಿಲ್ಲ.

ಸ್ವಂತ ತೆಳು ಪದರ

ಇದನ್ನು ಯಾಕೆ ಮೆಚ್ಚುತ್ತೇನೆ ಅಂದರೆ, ಬೇಕಾದ ಫಂಕ್ಷನ್‌ಗಳು ನಿಜವಾಗಿ ಆರೇಳು ಮಾತ್ರ: ತೆರೆ, ಮುಂದಿನದು ಕೊಡು, ಮುಚ್ಚು, ಒಂದು ಫೋಲ್ಡರ್ ಮಾಡು, ನಡುವಿನವನ್ನೆಲ್ಲ ಸೇರಿಸಿ ಮಾಡು, ಖಾಲಿ ಫೋಲ್ಡರ್ ತೆಗೆ, ದಾರಿ ಜೋಡಿಸು. ಒಂದು ಹೆಡರ್, ಎರಡು ಸಿ ಫೈಲ್. ಒಂದರಲ್ಲಿ ಪೋಸಿಕ್ಸ್, ಇನ್ನೊಂದರಲ್ಲಿ ವಿಂಡೋಸ್. ಯಾವುದನ್ನು ಕಂಪೈಲ್ ಮಾಡಬೇಕು ಎಂದು ಸಿಮೇಕ್ ಅಥವಾ ಮೇಕ್‌ಫೈಲ್ ನಿರ್ಧರಿಸಲಿ. ಇಫ್‌ಡೆಫ್‌ಗಳು ಪ್ರಾಜೆಕ್ಟ್ ಪೂರ್ತಿ ಹರಡಿದರೆ ಯಾರೂ ಓದಲಾಗದ ಕೋಡ್ ಆಗುತ್ತದೆ, ಅದೂ ಒಂದು ಸಿಸ್ಟಂನಲ್ಲಿ ಮಾಡಿದ ಬದಲಾವಣೆ ಇನ್ನೊಂದರಲ್ಲಿ ಬಿಲ್ಡ್ ಮುರಿದದ್ದು ವಾರಗಳ ನಂತರ ಗೊತ್ತಾಗುತ್ತದೆ.

ಹೆಡರ್‌ನಲ್ಲಿ ವಿಂಡೋಸ್‌ನ ಹೆಡರ್ ಸೇರಿಸಬೇಡಿ. ನಮೂದಿನಲ್ಲಿ ಎರಡು ವಿಷಯ ಸಾಕು: ಯುಟಿಎಫ್-8 ಹೆಸರು, ಮತ್ತು ಬಗೆ. ಬಗೆಯಲ್ಲಿ ಫೈಲ್, ಫೋಲ್ಡರ್, ಲಿಂಕ್, ಇತರೆ ಎಂಬ ನಾಲ್ಕಾದರೂ ಇರಲಿ. ಲಿಂಕ್ (ಬೇರೆ ಜಾಗಕ್ಕೆ ತೋರಿಸುವ ನಮೂದು) ಅನ್ನುವುದನ್ನು ಮೊದಲ ದಿನವೇ ಸೇರಿಸಿ, ಆಮೇಲೆ ಸೇರಿಸುವುದು ಬಹಳ ಕಷ್ಟ. ಒಂದು ಚುಕ್ಕೆ, ಎರಡು ಚುಕ್ಕೆಯ ನಮೂದುಗಳನ್ನು ಪದರದ ಒಳಗೇ ಬಿಟ್ಟುಬಿಡಿ.

ನಡುವಿನ ಫೋಲ್ಡರ್‌ಗಳನ್ನೆಲ್ಲ ಮಾಡುವ ಫಂಕ್ಷನ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಎಲ್ಲರೂ ಬರೆಯುವುದು ಅದನ್ನೇ, ತಪ್ಪುವುದೂ ಅಲ್ಲೇ. ಮೊದಲು ಇದೆಯಾ ಎಂದು ನೋಡಿ, ಇಲ್ಲದಿದ್ದರೆ ಮಾಡುವುದು ಸಹಜವಾಗಿ ಹೊಳೆಯುವ ಕ್ರಮ. ಆದರೆ ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೋಸೆಸ್ ಅದನ್ನು ಮಾಡಿಬಿಡಬಹುದು. ಎಂಟು ಕೋರ್‌ನಲ್ಲಿ ಮೇಕ್ ಓಡಿಸುವವರಿಗೆ ಇದು ಕಲ್ಪನೆಯ ಮಾತಲ್ಲ. ಮೊದಲು ಮಾಡಿ, ಆಗಲಿಲ್ಲ ಅಂದರೆ ಆಮೇಲೆ ನೋಡಿ. ಅಲ್ಲೂ ಇಎಕ್ಸಿಸ್ಟ್ (ಈಗಾಗಲೇ ಇದೆ ಎಂಬ ದೋಷ) ಒಂದನ್ನೇ ಪರೀಕ್ಷಿಸಬೇಡಿ. ಮ್ಯಾಕ್‌ನಲ್ಲಿ ಬೇರು ಡೈರೆಕ್ಟರಿಯನ್ನೇ ಮಾಡಲು ಹೋದರೆ ಇಇಸ್‌ಡಿರ್ (ಇದು ಡೈರೆಕ್ಟರಿ ಎಂಬ ದೋಷ) ಬರುತ್ತದೆ, ವಿಂಡೋಸ್‌ನಲ್ಲಿ ಡ್ರೈವ್‌ನ ಬೇರಿಗೆ ಅನುಮತಿ ಇಲ್ಲ ಎಂಬ ದೋಷ ಬರುತ್ತದೆ. ಯಾವ ದೋಷವೇ ಬರಲಿ, ಆ ಜಾಗದಲ್ಲಿ ಈಗಾಗಲೇ ಒಂದು ಡೈರೆಕ್ಟರಿ ಇದ್ದರೆ ಗೆದ್ದಂತೆ, ಇಲ್ಲದಿದ್ದರೆ ಮೊದಲು ಬಂದ ದೋಷವನ್ನೇ ಹಿಂದಿರುಗಿಸಿ. ಈ ಒಂದು ನಿಯಮ ಎಲ್ಲ ಸಿಸ್ಟಂಗಳಿಗೂ ಹೊಂದುತ್ತದೆ.

ಹೆಸರು ಬದಲಿಸುವುದರಲ್ಲೂ ವ್ಯತ್ಯಾಸ ಇದೆ. ಪೋಸಿಕ್ಸ್‌ನಲ್ಲಿ ರಿನೇಮ್ ಹಳೆಯ ಫೈಲ್ ಮೇಲೆ ಹೊಸದನ್ನು ಒಂದೇ ಏಟಿಗೆ ಕೂರಿಸುತ್ತದೆ. ವಿಂಡೋಸ್‌ನ ಸಿ ಲೈಬ್ರರಿಯಲ್ಲಿ ಆ ಹೆಸರು ಇದ್ದರೆ ಆಗುವುದಿಲ್ಲ, ಮೂವ್‌ಫೈಲ್‌ಇಎಕ್ಸ್‌ಗೆ ಬದಲಿಸು ಎಂಬ ಫ್ಲ್ಯಾಗ್ ಕೊಡಬೇಕು, ಅದೂ ಫೋಲ್ಡರ್‌ಗಳಿಗೆ ನಡೆಯುವುದಿಲ್ಲ. ರಿಮೂವ್ ಕೂಡ ಹಾಗೇ: ಪೋಸಿಕ್ಸ್‌ನಲ್ಲಿ ಅದು ಖಾಲಿ ಡೈರೆಕ್ಟರಿಯನ್ನೂ ತೆಗೆಯುತ್ತದೆ, ಮೈಕ್ರೋಸಾಫ್ಟ್‌ನದು ತೆಗೆಯುವುದಿಲ್ಲ.

ಹೆಸರುಗಳನ್ನು ಹೋಲಿಸುವ ಕೆಲಸವಿದ್ದರೆ ಇನ್ನೊಂದು ಮಾತು. "ಹೋಳಿಗೆ" ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ 6 ಸಂಕೇತ, 18 ಬೈಟ್. ಯೂನಿಕೋಡ್ ಪ್ರಕಾರ ಓ ಕಾರದ ಚಿಹ್ನೆಯನ್ನು ಮೂರು ತುಂಡಾಗಿಯೂ ಬರೆಯಬಹುದು, ಆಗ 8 ಸಂಕೇತ, 24 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. 2017ರಿಂದ ಮ್ಯಾಕ್‌ಗಳಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟಂತೆ ಇಡುತ್ತದೆ, ಆದರೆ ಎರಡೂ ಒಂದೇ ಎಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಮಾಮೂಲಿಯಾಗಿ ಅವು ಎರಡು ಬೇರೆ ಫೈಲ್‌ಗಳು. ಕಣ್ಣಿಗೆ ಒಂದೇ ಹೆಸರು, ಎಸ್‌ಟಿಆರ್‌ಕಂಪ್‌ಗೆ ಬೇರೆ. ಕನ್ನಡದ ಈ, ಏ, ಐ, ಒ, ಓ ಕಾರದ ಚಿಹ್ನೆಗಳಿಗೆಲ್ಲ ಇದು ಅನ್ವಯಿಸುತ್ತದೆ. ಸಿಂಕ್ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದರೆ ಹೋಲಿಸುವಾಗ ಮಾತ್ರ ಎನ್‌ಎಫ್‌ಸಿಗೆ (ತುಂಡುಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತನ್ನಿ, ಫೈಲ್ ತೆರೆಯುವಾಗ ಸಿಸ್ಟಂ ಕೊಟ್ಟ ಬೈಟ್‌ಗಳನ್ನೇ ವಾಪಸ್ ಕೊಡಿ.

ಸಿದ್ಧ ಲೈಬ್ರರಿಗಳು

ಗ್ಲಿಬ್: ಜಿ_ಡಿರ್_ಓಪನ್, ಜಿ_ಡಿರ್_ರೀಡ್_ನೇಮ್. ಚುಕ್ಕೆಗಳನ್ನು ತಾನೇ ಬಿಡುತ್ತದೆ, ವಿಂಡೋಸ್‌ನಲ್ಲಿ ಯುಟಿಎಫ್-8 ಕೊಡುತ್ತದೆ, ನಡುವಿನ ಫೋಲ್ಡರ್‌ಗಳನ್ನು ಮಾಡುವ ಜಿ_ಎಮ್‌ಕೆಡಿರ್_ವಿತ್_ಪೇರೆಂಟ್ಸ್ ಇದೆ. ಹೆಸರು ಬಿಟ್ಟು ಬಗೆ ಹೇಳುವುದಿಲ್ಲ. ಜಿಟಿಕೆ ಆ್ಯಪ್ ಬರೆಯುವವರು ಬೇರೆ ಯೋಚನೆ ಮಾಡಬೇಕಿಲ್ಲ. ಡೈರೆಕ್ಟರಿ ಓದುವುದಕ್ಕೆಂದೇ ಇಷ್ಟು ದೊಡ್ಡದನ್ನು ವಿಂಡೋಸ್ ಬಿಲ್ಡ್‌ಗೆ ಎಳೆದು ತರುವುದು ಮಾತ್ರ ಜಾಸ್ತಿ ಆಯಿತು. ಲೈಸೆನ್ಸ್ ಎಲ್‌ಜಿಪಿಎಲ್.

ಲಿಬ್‌ಯುವಿ: ನೋಡ್ ಜೆಎಸ್‌ನ ಅಡಿಪಾಯ ಇದು. ಎಲ್ಲ ಕಡೆ ಯುಟಿಎಫ್-8, ನಮೂದಿನ ಬಗೆಯೂ ಸಿಗುತ್ತದೆ. ಕಾಲ್‌ಬ್ಯಾಕ್ ಜಾಗದಲ್ಲಿ ನಲ್ ಕೊಟ್ಟರೆ ಸೀದಾ ಮುಗಿಸಿಕೊಂಡು ಬರುತ್ತದೆ, ಇವೆಂಟ್ ಲೂಪ್ ಬೇಡ. ಯುವಿ_ಎಫ್‌ಎಸ್_ಸ್ಕ್ಯಾನ್‌ಡಿರ್ ಪೂರ್ತಿ ಪಟ್ಟಿಯನ್ನು ಮೆಮೊರಿಗೆ ತರುತ್ತದೆ, ತುಂಬಾ ದೊಡ್ಡ ಫೋಲ್ಡರ್ ಆದರೆ ಯುವಿ_ಎಫ್‌ಎಸ್_ಓಪನ್‌ಡಿರ್ ಬಳಸಿ ಕಂತಿನಲ್ಲಿ ಓದಿ. ಪ್ರತಿ ಕೋರಿಕೆಯ ನಂತರ ಕ್ಲೀನಪ್ ಕರೆಯಲು ಮರೆತರೆ ಮೆಮೊರಿ ಸೋರುತ್ತದೆ. ನಡುವಿನ ಫೋಲ್ಡರ್ ಮಾಡುವುದು, ಮರ ಅಳಿಸುವುದು ಇದರಲ್ಲಿ ಇಲ್ಲ. ಇದ್ದರೂ ಲೈಬ್ರರಿಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ, ವಿಂಡೋಸ್‌ನ ಮೂಲೆಮುಡುಕುಗಳನ್ನು ನೋಡ್ ಬಳಕೆದಾರರು ತಿಕ್ಕಿ ತಿಕ್ಕಿ ಹೊರತೆಗೆದಿದ್ದಾರೆ.

ಎಸ್‌ಡಿಎಲ್3: ಆಟ ಬರೆಯುವವರಿಗೆ ಒಳ್ಳೆಯ ಸುದ್ದಿ, ಮೂರನೇ ಆವೃತ್ತಿಯಲ್ಲಿ ಡೈರೆಕ್ಟರಿ ಓದುವ, ಮಾಡುವ ಫಂಕ್ಷನ್‌ಗಳು ಸೇರಿವೆ. ನಡುವಿನವನ್ನೂ ಮಾಡಿಕೊಡುತ್ತದೆ. ಸೇವ್ ಫೈಲ್ ಎಲ್ಲಿಡಬೇಕು ಎಂದು ಹೇಳುವ ಎಸ್‌ಡಿಎಲ್_ಗೆಟ್‌ಪ್ರೆಫ್‌ಪಾತ್ ಕೂಡ ಇದೆ. ಎಪಿಆರ್ ಗಟ್ಟಿಯಾದದ್ದೇ, ಅಪಾಚೆ ಸರ್ವರ್ ಮತ್ತು ಸಬ್‌ವರ್ಷನ್ ಅದರ ಮೇಲೆ ನಿಂತಿವೆ, ಆದರೆ ಅದರ ಪೂಲ್ ಮೆಮೊರಿ ಪದ್ಧತಿಯನ್ನು ಪ್ರಾಜೆಕ್ಟ್ ಪೂರ್ತಿ ಒಪ್ಪಿಕೊಳ್ಳಬೇಕಾಗುತ್ತದೆ.

ಇನ್ನು ಸಿ++17ರ ಫೈಲ್‌ಸಿಸ್ಟಂ. ನಿಮ್ಮ ಬಿಲ್ಡ್‌ನಲ್ಲಿ ಸಿ++ ಕಂಪೈಲರ್ ಇದ್ದೇ ಇದ್ದರೆ ಒಂದು ಫೈಲನ್ನು ಅದರಲ್ಲಿ ಬರೆದು, ಎಕ್ಸ್‌ಟರ್ನ್ ಸಿ ಮಾಡಿ ಕರೆಯಬಹುದು. ಎಕ್ಸೆಪ್ಷನ್ ಸಿ ಕೋಡ್ ಒಳಗೆ ಹಾರಿಬರದಂತೆ ಎರರ್_ಕೋಡ್ ಇರುವ ರೂಪಗಳನ್ನೇ ಕರೆಯಿರಿ, ಮೆಮೊರಿ ಸಿಗದಾಗ ಬರುವುದನ್ನೂ ಅಲ್ಲೇ ಹಿಡಿಯಿರಿ. ವಿಂಡೋಸ್‌ನಲ್ಲಿ ಸಾದಾ ಚಾರ್ ದಾರದಿಂದ ಪಾತ್ ಮಾಡಿದರೆ ಮತ್ತೆ ಅದೇ ಕೋಡ್‌ಪೇಜ್, ಮತ್ತೆ ಅದೇ ಪ್ರಶ್ನಾರ್ಥಕ ಚಿಹ್ನೆ. ಯು8ಪಾತ್ ಬಳಸಿ.

ಅಳಿಸುವುದು

ಇಲ್ಲಿ ಯಾವ ತೇಪೆಯನ್ನೂ ನಂಬಬೇಡಿ. ಫೋಲ್ಡರ್ ಅಂತ ತಿಳಿದು ಒಳಗೆ ಹೋಗುವಷ್ಟರಲ್ಲಿ ಯಾರೋ ಅದನ್ನು ತೆಗೆದು ಆ ಜಾಗದಲ್ಲಿ ಬೇರೆ ಕಡೆಗೆ ತೋರಿಸುವ ಲಿಂಕ್ ಇಟ್ಟರೆ, ನಿಮ್ಮ ಪ್ರೋಗ್ರಾಂ ಹೋಗಿ ಆ ಬೇರೆ ಕಡೆಯದನ್ನು ಅಳಿಸುತ್ತದೆ. ಪ್ರೋಗ್ರಾಂ ರೂಟ್ ಆಗಿ ಓಡುತ್ತಿದ್ದರೆ ಏನಾಗಬಹುದು ಎಂದು ಯೋಚಿಸಿ. 2022ರ ಜನವರಿಯಲ್ಲಿ ರಸ್ಟ್ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಈ ದೋಷ ಹೊರಬಂತು, ಸಿವಿಇ-2022-21658 ಎಂದು ದಾಖಲಾಯಿತು. ಅಷ್ಟು ಎಚ್ಚರದಿಂದ ಬರೆದ ಲೈಬ್ರರಿಗೇ ಹೀಗಾಗಿದೆ.

ಪೋಸಿಕ್ಸ್‌ನಲ್ಲಿ ಪರಿಹಾರ ಇದೆ. ಹೆಸರಿನ ದಾರಿ ಹಿಡಿದು ಹೋಗಬೇಡಿ, ತೆರೆದ ಡೈರೆಕ್ಟರಿಯ ಡಿಸ್ಕ್ರಿಪ್ಟರ್ (ತೆರೆದಾಗ ಸಿಸ್ಟಂ ಕೊಡುವ ಸಂಖ್ಯೆ) ಹಿಡಿದು ಹೋಗಿ. ಓಪನ್‌ಎಟ್‌ಗೆ ಓ_ಡೈರೆಕ್ಟರಿ ಮತ್ತು ಓ_ನೋಫಾಲೋ ಎರಡನ್ನೂ ಕೊಟ್ಟರೆ ಲಿಂಕ್ ಆಗಿದ್ದರೆ ತೆರೆಯುವುದೇ ಇಲ್ಲ. ಸಿಕ್ಕ ಡಿಸ್ಕ್ರಿಪ್ಟರನ್ನು ಎಫ್‌ಡಿಓಪನ್‌ಡಿರ್‌ಗೆ ಕೊಟ್ಟು ಪಟ್ಟಿ ಓದಿ, ಅನ್‌ಲಿಂಕ್‌ಎಟ್‌ನಿಂದ ಅಳಿಸಿ. ಓದುತ್ತಾ ಓದುತ್ತಾ ಅಳಿಸುವ ಬದಲು ಹೆಸರುಗಳನ್ನೆಲ್ಲ ಮೊದಲು ಪಟ್ಟಿಗೆ ತೆಗೆದುಕೊಂಡು ಆಮೇಲೆ ಅಳಿಸಿ, ಇಲ್ಲದಿದ್ದರೆ ಕೆಲವು ಫೈಲ್ ಸಿಸ್ಟಂಗಳಲ್ಲಿ ನಡುವಿನ ಹೆಸರುಗಳು ತಪ್ಪಿಹೋಗಿ, ಕೊನೆಗೆ ಡೈರೆಕ್ಟರಿ ಖಾಲಿಯಿಲ್ಲ ಎಂಬ ದೋಷ ಬರುತ್ತದೆ. ಆ ದೋಷದ ಹೆಸರೂ ಎರಡು ಇರಬಹುದು: ಪೋಸಿಕ್ಸ್ ಪ್ರಕಾರ ಇನಾಟ್‌ಎಂಪ್ಟಿ ಅಥವಾ ಇಎಕ್ಸಿಸ್ಟ್, ಯಾವುದು ಬಂದರೂ ಸರಿ.

ವಿಂಡೋಸ್‌ನಲ್ಲಿ ಲಿಂಕ್‌ಗೆ ಎರಡು ಮುಖ, ಸಿಮ್‌ಲಿಂಕ್ ಮತ್ತು ಜಂಕ್ಷನ್. ಎರಡರ ಮೇಲೂ ರೀಪಾರ್ಸ್ ಪಾಯಿಂಟ್ ಗುಣ ಇರುತ್ತದೆ. ಆದರೆ ಆ ಗುಣ ಇದ್ದದ್ದೆಲ್ಲ ಲಿಂಕ್ ಅಲ್ಲ, ಒನ್‌ಡ್ರೈವ್‌ನ ಫೈಲ್‌ಗಳಲ್ಲೂ ಇರುತ್ತದೆ. ಪಟ್ಟಿಯ ಜೊತೆ ಬರುವ ಡಿಡಬ್ಲ್ಯೂ-ರಿಸರ್ವ್ಡ್0 ಜಾಗದಲ್ಲಿ ಟ್ಯಾಗ್ ನೋಡಿ ನಿರ್ಧರಿಸಬೇಕು. ಆ್ಯಪ್‌ಡೇಟಾ ಒಳಗಿನ ಲೋಕಲ್ ಫೋಲ್ಡರ್‌ನಲ್ಲಿ ಅಪ್ಲಿಕೇಶನ್ ಡೇಟಾ ಎಂಬ ಜಂಕ್ಷನ್ ಇದೆ, ಅದು ತನ್ನ ತಾಯಿ ಫೋಲ್ಡರನ್ನೇ ತೋರಿಸುತ್ತದೆ. ಸಾಮಾನ್ಯ ಪ್ರೋಗ್ರಾಂಗೆ ಅದನ್ನು ಓದುವ ಅನುಮತಿ ಇರುವುದಿಲ್ಲ, ಬ್ಯಾಕಪ್ ಹಕ್ಕಿನಿಂದ ಓಡುವ ಪ್ರೋಗ್ರಾಂ ಮಾತ್ರ ಸುತ್ತುತ್ತಲೇ ಇರುತ್ತದೆ. ಲಿಂಕ್ ಎಂದು ಗೊತ್ತಾದರೆ ಒಳಗೆ ಹೋಗದೆ ಲಿಂಕನ್ನಷ್ಟೇ ತೆಗೆಯಿರಿ.

ಇನ್ನೆರಡು ವಿಂಡೋಸ್ ಸಂಗತಿ. ರೀಡ್‌ಓನ್ಲಿ ಗುಣ ಇರುವ ಫೈಲನ್ನು ಡಿಲೀಟ್‌ಫೈಲ್ ಸಾಮಾನ್ಯವಾಗಿ ಅಳಿಸುವುದಿಲ್ಲ, ಮೊದಲು ಗುಣ ತೆಗೆಯಬೇಕು. ಗಿಟ್ ತನ್ನ ಆಬ್ಜೆಕ್ಟ್ ಫೈಲ್‌ಗಳನ್ನು ಹಾಗೇ ಇಡುತ್ತದೆ, ಕ್ಲೋನ್ ಮಾಡಿದ ಫೋಲ್ಡರ್ ಅಳಿಸಲು ಹೋದ ಎಷ್ಟೋ ಪ್ರೋಗ್ರಾಂಗಳು ಅಲ್ಲೇ ನಿಲ್ಲುತ್ತವೆ. ಇನ್ನೊಂದು, ಆ್ಯಂಟಿವೈರಸ್ ಅಥವಾ ಇಂಡೆಕ್ಸರ್ ಫೈಲನ್ನು ತೆರೆದು ಹಿಡಿದಿದ್ದರೆ ನಿಮ್ಮ ಅಳಿಸುವಿಕೆ ತಡವಾಗಬಹುದು, ಫೋಲ್ಡರ್ ಖಾಲಿಯಿಲ್ಲ ಎಂಬ 145ನೇ ದೋಷ ಬರಬಹುದು. ಸ್ವಲ್ಪ ಕಾದು ಕೆಲವು ಸಲ ಮತ್ತೆ ಪ್ರಯತ್ನಿಸುವುದು ಇಲ್ಲಿ ನ್ಯಾಯವಾದ ಪರಿಹಾರವೇ.

ಪರೀಕ್ಷೆಗೆ ಏನಿಡಬೇಕು

ಯಾವ ದಾರಿ ಹಿಡಿದರೂ ಮೂರೂ ಸಿಸ್ಟಂಗಳಲ್ಲಿ ಓಡಿಸುವ ಒಂದು ಟೆಸ್ಟ್ ಇರಲಿ. ಖಾಲಿ ಫೋಲ್ಡರ್, ಕನ್ನಡ ಹೆಸರಿನ ಫೋಲ್ಡರ್, 85 ಸಂಕೇತದ ಹೆಸರು ಒಂದು, 86ರದು ಇನ್ನೊಂದು, ತನ್ನನ್ನೇ ತೋರಿಸುವ ಲಿಂಕ್, ಟೆಸ್ಟ್ ಫೋಲ್ಡರ್‌ನ ಹೊರಗಿನ ಒಂದು ಫೈಲ್‌ಗೆ ಲಿಂಕ್ (ಅಳಿಸಿದ ಮೇಲೂ ಆ ಫೈಲ್ ಉಳಿದಿರಬೇಕು), ರೀಡ್‌ಓನ್ಲಿ ಫೈಲ್, ವಿಂಡೋಸ್‌ನಲ್ಲಿ 260 ಮೀರಿದ ದಾರಿ. ಬಳಕೆದಾರರು ಕೊಟ್ಟ ಹೆಸರಿನಿಂದ ಫೋಲ್ಡರ್ ಮಾಡುವುದಾದರೆ ಕಾನ್, ಆಕ್ಸ್, ನಲ್ ಮುಂತಾದ ವಿಂಡೋಸ್‌ನ ಮೀಸಲು ಹೆಸರುಗಳು, ಕೊನೆಯಲ್ಲಿ ಚುಕ್ಕೆ ಅಥವಾ ಖಾಲಿ ಜಾಗ ಇರುವ ಹೆಸರುಗಳೂ ಸೇರಲಿ. ಲಿನಕ್ಸ್ ಕರ್ನಲ್‌ನ ಸೋರ್ಸ್‌ನಲ್ಲೇ ಆಕ್ಸ್.ಸಿ ಎಂಬ ಫೈಲ್ ಇದೆ, ಅದನ್ನು ವಿಂಡೋಸ್‌ನಲ್ಲಿ ಮಾಮೂಲಿಯಾಗಿ ಚೆಕ್‌ಔಟ್ ಮಾಡಲು ಹೋದವರಿಗೆ ಈ ಮೀಸಲು ಹೆಸರುಗಳ ಪರಿಚಯ ಚೆನ್ನಾಗಿಯೇ ಆಗುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಮೂರೂ ಸಿಸ್ಟಂಗಳು ಸಿಗುತ್ತವೆ, ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ದುಡ್ಡೂ ಬೇಕಿಲ್ಲ. ಆಲ್ಪೈನ್ ಕಂಟೇನರ್ ಒಂದನ್ನೂ ಆ ಪಟ್ಟಿಗೆ ಸೇರಿಸಿಬಿಡಿ, ಗ್ಲಿಬ್‌ಸಿ ಬಿಟ್ಟು ಬೇರೆಲ್ಲೂ ಓಡದ ಕೋಡ್ ಮೊದಲ ದಿನವೇ ಸಿಕ್ಕಿಬೀಳುತ್ತದೆ.